ಹಾಯೋ ಎತ್ತಿನ ಕಾಯ್ದೆ

ಆವಾಗ ನನಗ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಚರ್ಚಿನ ಹೆಣ್ಣುಮಕ್ಕಳ ಕೂಟದಾಗ ಹೊಸದಾಗಿ ಅಕ್ಷರ ಕಲಿತಿದ್ದೆ. ಓದುವಾಗ ಬೆರಳು ಎತ್ತಿದ್ರ ಸಾಲು ಕಳೀತಿತ್ತು. ಉಳಿದವರು ಸಂಜಿ ಪ್ರಾರ್ಥನೆಗೆ ಕೀರ್ತನೆ ತೆಗೀತಾರ, ಸುವಾರ್ತೆ ತೆಗೀತಾರ. ನನಗ ಬೇಕಾದ ಪುಟ ಹುಡುಕಾಕ ಬರ್ತಿರಲಿಲ್ಲ. ಅದಕ್ಕ ಸತ್ಯವೇದದ ಮೊದಲನೇ ಹಾಳಿಯಿಂದ ಹಿಡದು, ಹೊಲ ಹರಗಿದಂಗ ಒಂದೂ ಸಾಲು ಬಿಡದ ದಿನಾ ಇಷ್ಟಿಷ್ಟು ಓದಿಕೋತ ಹೋದೆ. ಹಿಂಗಾಗಿ ಎಲ್ಲಾರೂ ಜಿಗಿದು ದಾಟೋ ಮೋಶೆಯ ಕಾಯ್ದೆದಾಗ ನನ್ನ ಕಾಲು ಸಿಕ್ಕಿತು.

ಓದಿದವರಿಗೆ ಗೊತ್ತಿರಬೇಕು, ಆ ಕಾಯ್ದೆ ಓದಿದ್ರ ಕಣ್ಣಾಗ ನೀರು ಬರೂದಿಲ್ಲ. ಮುಚ್ಚದ ಬಾವಿ, ಮಂದಿ ಹೊಲಕ್ಕ ಹತ್ತಿದ ಬೆಂಕಿ, ಕಳುವಾದ ಕುರಿ. "ಇದು ದೇವರ ಮಾತೋ, ಪಂಚಾಯ್ತಿನೋ?" ಅಂತ ನನ್ನ ಗಂಡ ನಗ್ತಿದ್ದ. ಪಾಸ್ಟರೂ, "ಯಮ್ಮಾ, ಅವು ಹಳೇ ಕಾಲದವು. ಕೀರ್ತನೆ ಓದ್ರಿ, ಸಮಾಧಾನ ಸಿಗ್ತದ," ಅಂದ್ರು.

ಆ ವರ್ಷ ಗಂಡ ಜೇವರ್ಗಿ ಸಂತ್ಯಾಗ ಒಂದು ಎತ್ತು ತಂದಿದ್ದ. ನೋಡಾಕ ಚಂದ. ಅದು ಹಾಯ್ತದ ಅಂತ ಗೊತ್ತಿದ್ದೂ ಮಾರಿದಾವ ಹೇಳಲಿಲ್ಲ. ಅಫಜಲಪುರ ಕಡೆ ನಮ್ಮೂರಿಗೆ ಬಂದ ಮ್ಯಾಲೆ, ಮೇವು ಹಾಕಾಕ ಹೋದ ನನ್ನ ಮೈದುನ ಯಾಕೋಬನ ಹೊಟ್ಟಿಗೆ ಕೋಡು ಹಾಕ್ತು. ದವಾಖಾನಿ ಮುಟ್ಟೂತನಕ ಜೀವ ಉಳೀಲಿಲ್ಲ.

ಮಣ್ಣು ಮಾಡಿ ಒಂದು ವಾರ ಆಗಿತ್ತು. ಗಂಡ ಅಂದ, "ನಾಳೆ ಆಳಂದ ಸಂತ್ಯಾಗ ಎತ್ತು ಮಾರಿ ಬರ್ತೇನಿ. ಅಲ್ಲಿ ಇದರ ಗುಣ ಯಾರಿಗೂ ಗೊತ್ತಿಲ್ಲ." ನಮ್ಮ ಕಡೆ ಮಾಡೂದೇ ಹಂಗ, ಹಾಯೋ ದನ ತಾಲೂಕು ದಾಟಿಸಿದ್ರ ಪಾಪನೂ ದಾಟಿ ಹೋಯ್ತು ಅಂತ ತಿಳೀತಾರ.

ಸಂಜಿ ಪ್ರಾರ್ಥನೆಗೆ ಕುಂತೆವು. ಹಿಂದ ಓದಿದ್ದು ನೆನಪಿತ್ತು. ಹಾಳಿ ತಿರುವಿ ತಿರುವಿ ಹುಡುಕಿದೆ. "ಎತ್ತು ಹಾಯ್ತದ ಅಂತ ಗೊತ್ತಿದ್ದೂ ಕಟ್ಟದ ಬಿಟ್ಟು, ಅದು ಮನುಷ್ಯಾನ್ನ ಕೊಂದ್ರ, ಎತ್ತಿನ ಜೋಡಿ ಮಾಲಕಂದೂ ಜೀವ ಹೋಗಬೇಕು ಅಂತ ಅದ ಇಲ್ಲಿ."

"ತಮ್ಮ ಹೋದ. ಈಗ ನನ್ನೂ ಕಳಸ್ತಿ ಏನಬೇ?"

"ಯಾಕೋಬ ಸಾಯೋವಾಗ ನಿಮಗ ಗೊತ್ತಿರಲಿಲ್ಲರಿ. ಜೇವರ್ಗಿಯಾವಗ ಗೊತ್ತಿತ್ತು. ಈಗ ನಿಮಗ ಗೊತ್ತದ."

ಗಂಡ ಗ್ವಾಡಿ ಕಡೆ ಮಾರಿ ತಿರುಗಿಸಿದ. ಬಾಗಿಲದಾಗ ಕುಂತಿದ್ದ ಯಾಕೋಬನ ಹೆಂಡತಿ, ವಾರದಿಂದ ಬಾಯಿ ಬಿಡದಾಕಿ, ಕೇಳಿದಳು, "ಜೇವರ್ಗಿಯಾವನ ಮನ್ಯಾಗ ಇಂಥಾದ್ದು ಓದಿ ಹೇಳಾವರು ಯಾರೂ ಇರಲಿಲ್ಲೇನಕ್ಕ?"

ಕೀರ್ತನೆ ಓದಿದ್ರ ನನ್ನ ಸಂಕಟ ದೇವರಿಗೆ ಹೇಳಾಕ ಬರ್ತದ. ನನ್ನಿಂದ ಮಂದಿಗೆ ಆಗೋ ಸಂಕಟ ನನಗ ಹೇಳೂದು ಆ ಒಣ ಕಾಯ್ದೆನೇ. ಈಗ ನಮ್ಮನ್ಯಾಗ ದಿನಾ ಮೊದಲು ಅದು, ಆಮ್ಯಾಲೆ ಕೀರ್ತನೆ.

ಆ ಪ್ರಾರ್ಥನೆ ಮರುದಿನ ಮುಂಜಾನೆ ಗಂಡ ಎತ್ತು ಟೆಂಪೊಕ್ಕ ಹತ್ತಿಸಿದ. ನಾನೂ ಡ್ರೈವರನ ಬಾಜು ಹತ್ತಿ ಕುಂತೆ. ಆಳಂದ ಸಂತ್ಯಾಗ ಎತ್ತಿನ ಹಲ್ಲು ನೋಡಾಕ ಬಗ್ಗಿದ ಒಬ್ಬೊಬ್ಬಗೂ ಹೇಳಿದೆ, "ಸರದು ನಿಂದ್ರಪಾ, ಇದು ನನ್ನ ಮೈದುನನ್ನ ಕೊಂದದ."