ನನ್ನ ಓರಗಿತ್ತಿಗೆ ಬರುತ್ತಿದ್ದ ಜೀಪು

ಬಿಳಿ ಜೀಪು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಯಾರದ್ದೇ ಆಗಿರಲಿ, ಯಾವ ಕೆಲಸಕ್ಕೇ ಬಂದಿರಲಿ, ಮೊದಲು ಉರಿ, ಆಮೇಲೆ ವಿಚಾರ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಅಂಥದೊಂದು ಜೀಪು ವಾರ ಬಿಟ್ಟು ವಾರ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಬರುತ್ತಿದ್ದುದು ನನಗಲ್ಲ, ನನ್ನ ಮೈದುನನ ಹೆಂಡತಿಗೆ, ಅಂದರೆ ನನ್ನ ಓರಗಿತ್ತಿಗೆ. ನಾನು ಆ ಮನೆಯ ಹಿರಿಸೊಸೆ, ಅವಳು ಕಿರಿಸೊಸೆ. ಜೀಪಿನವರಿಗೆ ಅದೆಲ್ಲ ಎಲ್ಲಿ ಗೊತ್ತು?

ನಮ್ಮೂರು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಅಟ್ಟದ ತುಂಬ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ ಒಳಗೇ ಕೊಬ್ಬರಿಯಾದ ಕಾಯಿಯನ್ನು ಇಳಿಸುವುದು, ಆಳುಗಳು ಸುಲಿದ ಮಟ್ಟೆಯನ್ನು ಬಾಚಿ ರಾಶಿ ಹಾಕುವುದು ನಮ್ಮಿಬ್ಬರ ಪಾಲಿನ ಕೆಲಸ. ಆ ಮಟ್ಟೆಯ ದೂಳು ಮೂಗಿಗೆ ಹೋಗಿ, ಗಂಟಲಿಗೆ ಹೋಗಿ, ಇಬ್ಬರಿಗೂ ಉಬ್ಬಸ ಅಂಟಿಕೊಂಡಿತ್ತು. ಚಳಿಗಾಲ ಬಂತೆಂದರೆ ಇಬ್ಬರ ಎದೆಯೂ ಸುಯ್ ಸುಯ್. ದೂಳು ನಮ್ಮಿಬ್ಬರಲ್ಲಿ ಭೇದ ಮಾಡಲಿಲ್ಲ.

ಭೇದ ಮಾಡಿದ್ದು ಆಸ್ಪತ್ರೆಯವರು. ಬೆಂಗಳೂರಿನ ಡಾಕ್ಟರುಗಳು ತಿಪಟೂರಿಗೆ ಬಂದಿದ್ದಾರೆ, ಉಬ್ಬಸಕ್ಕೆ ಹೊಸ ಮಾತ್ರೆಯೊಂದನ್ನು ಕೊಟ್ಟು ನೋಡುತ್ತಾರೆ ಎಂದು ಸುದ್ದಿಯಾಯಿತು. ಅತ್ತೆ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು. ನನ್ನ ಕಂಕುಳಲ್ಲಿ ಎರಡನೇ ಮಗು ಇತ್ತು, ಇನ್ನೂ ಹಾಲು ಕುಡಿಯುವ ಕೂಸು. ಅಲ್ಲಿದ್ದ ಲೇಡಿ ಡಾಕ್ಟರು ಮಗುವನ್ನು ನೋಡಿದವರೇ, ನಿಮ್ಮನ್ನು ಸೇರಿಸಿಕೊಳ್ಳುವ ಹಾಗಿಲ್ಲಮ್ಮ, ನೀವು ತೊಗೊಂಡ ಔಷಧಿ ಹಾಲಿನಲ್ಲಿ ಮಗುವಿಗೂ ಹೋಗಬಹುದು, ಪರೀಕ್ಷೆ ಮುಗಿಯದ ಔಷಧಿಯನ್ನು ಹಾಲೂಡಿಸುವ ತಾಯಿಗೆ ಕೊಡುವುದಕ್ಕೆ ನಿಯಮ ಒಪ್ಪುವುದಿಲ್ಲ ಎಂದರು. ನ್ಯಾಯದ ಮಾತೇ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನಗೆ ಅಳುವೇ ಬಂತು.

ಅಷ್ಟಕ್ಕೇ ಬಿಟ್ಟಿದ್ದರೆ ಮನೆಗೆ ಬಂದು ತಣ್ಣಗಾಗುತ್ತಿದ್ದೆ. ಬಿಡಲಿಲ್ಲ. ನನ್ನ ಓರಗಿತ್ತಿ ಹುಳಿಯಾರಿನ ಕಡೆಯ ಹಟ್ಟಿಯವಳು, ಕುರಿ ಹಿಂದೆ ಓಡಾಡಿ ಬೆಳೆದವಳು, ಓದು ಬರಹ ಇಲ್ಲ. ಓದಲು ಬಾರದವರಿಂದ ಒಪ್ಪಿಗೆ ಪಡೆಯುವಾಗ ಆಸ್ಪತ್ರೆಯವರಲ್ಲದ, ಓದು ಬಲ್ಲ ಒಬ್ಬರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಸಾಕ್ಷಿ ಹಾಕಬೇಕಂತೆ. ನಾನು ಎಸ್ಸೆಸ್ಸೆಲ್ಸಿ. ಊಟದ ಪಂಕ್ತಿಯಿಂದ ಎಬ್ಬಿಸಿ, ಬಡಿಸೋಕೆ ಬಾ ಅಂದ ಹಾಗಾಯಿತು ನನಗೆ. ಹೋಗಿ ಕೂತೆ, ಮುಖ ಊದಿಸಿಕೊಂಡು.

ಡಾಕ್ಟರು ಕನ್ನಡದಲ್ಲೇ ನಿಧಾನವಾಗಿ ಓದಿ ಹೇಳಿದರು. ಕೆಲವರಿಗೆ ಹೊಸ ಔಷಧಿ, ಕೆಲವರಿಗೆ ಬರೀ ಸಪ್ಪೆ ಪುಡಿ ತುಂಬಿದ ಮಾತ್ರೆ. ಯಾರಿಗೆ ಯಾವುದು ಎಂದು ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಒಳ್ಳೆಯದೂ ಆಗಬಹುದು, ತೊಂದರೆಯೂ ಆಗಬಹುದು. ತೊಂದರೆಯಾದರೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಯಾವತ್ತು ಬೇಡವೆನ್ನಿಸಿದರೂ ಬಿಟ್ಟುಬಿಡಬಹುದು, ಯಾಕೆ ಎಂದು ಹೇಳಬೇಕಾಗಿಲ್ಲ, ಬಿಟ್ಟಿದ್ದಕ್ಕೆ ನಿಮಗೆ ಸಿಗುವ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಒಂದೊಂದು ಮಾತಿಗೂ ನಿಲ್ಲಿಸಿ, ನಿಮಗೆ ಏನು ಅರ್ಥವಾಯಿತೋ ನಿಮ್ಮ ಮಾತಲ್ಲೇ ಹೇಳಿ ಎನ್ನುತ್ತಿದ್ದರು. ಇವಳು ನಾಚಿಕೊಂಡು ಅಷ್ಟಿಷ್ಟು ಹೇಳುತ್ತಿದ್ದಳು.

ಕೊನೆಗೆ ಅತ್ತೆ, ನಮ್ಮ ಒಪ್ಪಿಗೆ ಐತೆ, ಹೆಬ್ಬೆಟ್ಟು ಒತ್ತಿಸ್ಕೊಳ್ಳಿ ಎಂದರು. ಡಾಕ್ಟರು ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಓರಗಿತ್ತಿಯ ಮುಖವನ್ನೇ ನೋಡುತ್ತಾ ಕೇಳಿದರು.

"ಅವರ ಒಪ್ಪಿಗೆ ಬೇಡ. ನಿಮಗೆ ಇಷ್ಟ ಇದೆಯೇನಮ್ಮ?"

ಆ ಗಳಿಗೆಯಲ್ಲಿ ನನಗೆ ಹತ್ತಿದ ಕಿಚ್ಚಿದೆಯಲ್ಲ, ಅದು ಜೀಪಿನ ಕಿಚ್ಚಿಗಿಂತ ಹೆಚ್ಚಿನದು. ನಾನು ಮದುವೆಯಾಗಿ ಬಂದಾಗ ನನ್ನನ್ನು ಯಾರು ಕೇಳಿದ್ದರು? ಓದು ನಿಲ್ಲಿಸಿದಾಗ ಕೇಳಿದ್ದರೇ? ಎರಡನೇ ಮಗು ಬೇಕೇ ಎಂದು ಕೇಳಿದ್ದರೇ? ಈ ಮನೆಯಲ್ಲಿ ಸಾರಿಗೆ ಏನು ಹಾಕಬೇಕೆಂದು ಸಹ ನನ್ನನ್ನು ಕೇಳಿದವರಿಲ್ಲ. ಅಕ್ಷರ ಬಾರದ ಇವಳ ಮುಂದೆ ಬೆಂಗಳೂರಿನ ಡಾಕ್ಟರು ಕೂತು, ನಿನಗೆ ಇಷ್ಟವೇ ಎಂದು ಕೇಳುತ್ತಾರೆ. ಇವಳು ಕಿಸಕ್ಕನೆ ನಕ್ಕು ಹೂಂ ಅಂದಳು. ಹೆಬ್ಬೆಟ್ಟು ಒತ್ತಿದಳು. ನಾನು ಕೆಳಗೆ ಸಹಿ ಹಾಕಿದೆ.

ಮೊದಲ ಸಲ ಜೀಪು ಮನೆಗೆ ಬಂದಾಗ ಡಾಕ್ಟರೂ ಜೊತೆಗೆ ಬಂದಿದ್ದರು. ಅತ್ತೆ ಅವರನ್ನು ಮಣೆಯ ಮೇಲೆ ಕೂರಿಸಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಕೊಟ್ಟರು. ಅವರು ಮನೆಗೆ ಬಂದವರಿಗೆ ಕೊಡುವ ಮರ್ಯಾದೆ ಎಂದುಕೊಂಡು ನಗುತ್ತಾ ತೊಗೊಂಡರು. ಆದರೆ ನಮ್ಮ ಮನೆಯಲ್ಲಿ ಅತ್ತೆ ಕೈಯಾರೆ ವೀಳ್ಯ ಕೊಟ್ಟರೆ ಅದು ಮಾತು. ಹೆಣ್ಣು ಕೊಡುವ ಮಾತಾದರೂ ಅಷ್ಟೇ, ತೋಟ ಗುತ್ತಿಗೆಗೆ ಕೊಡುವ ಮಾತಾದರೂ ಅಷ್ಟೇ, ಎದುರಿನವರು ತಟ್ಟೆ ಮುಟ್ಟಿದರೆಂದರೆ ಆಯಿತು, ಆಮೇಲೆ ನಾಲಿಗೆ ಹೊರಳಿಸುವಂತಿಲ್ಲ. ಆಸ್ಪತ್ರೆಯ ಕಾಗದ ಅತ್ತೆಯ ಲೆಕ್ಕದಲ್ಲಿ ಬರೀ ಕಾಗದ. ಒಪ್ಪಂದವಾದದ್ದು ತಟ್ಟೆಯಲ್ಲಿ.

ಅವತ್ತೇ ಅತ್ತೆ ಡಾಕ್ಟರು ಕೊಟ್ಟುಹೋದ ಮಾತ್ರೆಯ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದ ಕಾಯನ್ನು ಹಾಗೇ ನೋಡುವುದು. ಒಳಗೆ ಗೊಟಗೊಟ ಅಂದರೆ ಕೊಬ್ಬರಿ ಕರಟ ಬಿಟ್ಟಿದೆ, ಹದವಾಗಿದೆ ಎಂದು. ಡಬ್ಬಿಯೂ ಗೊಟಗೊಟ ಎಂದಿತು. ನಮ್ಮ ಹುಡ್ಗಿಗೆ ಸಿಕ್ಕಿರೋದು ಅಸಲಿ ಔಸ್ದಿನೇ ಎಂದು ಅತ್ತೆ ತೀರ್ಪು ಕೊಟ್ಟರು. ಸಪ್ಪೆ ಪುಡಿಯ ಮಾತ್ರೆಯೂ ಗೊಟಗೊಟ ಎನ್ನುತ್ತದೆ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚೂ ಇತ್ತು.

ಆಮೇಲಿನ ತಿಂಗಳುಗಳನ್ನು ಏನು ಹೇಳಲಿ! ಅವಳು ಜೀಪಿನ ಮುಂದಿನ ಸೀಟಿನಲ್ಲೇ ಕೂರುತ್ತಿದ್ದಳು. ವಾಪಸು ಬಂದು, ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಕೊಳವೆ ಊದಿದ್ದು, ಮುಳ್ಳು ಮೇಲೆ ಹೋದದ್ದು, ಡಾಕ್ಟರು ಬೆನ್ನು ಸವರಿ ನಿದ್ದೆ ಬಂತಾ, ಊಟ ಸೇರಿತಾ ಎಂದು ಕೇಳಿದ್ದು, ಎಲ್ಲವನ್ನೂ ನನ್ನ ಮುಂದೆ ಅಭಿನಯ ಮಾಡಿ ತೋರಿಸುತ್ತಿದ್ದಳು. ದೂಳಿನ ಹತ್ತಿರ ಹೋಗಬೇಡಿ ಎಂದೂ ಡಾಕ್ಟರು ಹೇಳಿದ್ದರು. ಸರಿ, ಅವಳ ಪಾಲಿನ ಮಟ್ಟೆಯನ್ನೂ ನಾನೇ ಬಾಚಿದೆ. ಮಟ್ಟೆ ಬಾಚುತ್ತಾ ಬಾಚುತ್ತಾ, ಈ ಜೀಪಿನ ಚಕ್ರ ಎಲ್ಲಾದರೂ ಕಳಚಿಕೊಳ್ಳಬಾರದೇ ಎಂದು ಬೇಡಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಚಳಿಗಾಲ ಬಂತು. ಒಂದು ಬೆಳಗ್ಗೆ ಹಿತ್ತಿಲಿಗೆ ಹೋದವಳು ನೋಡುತ್ತೇನೆ, ಮಟ್ಟೆಯ ರಾಶಿಯ ಮರೆಯಲ್ಲಿ ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಾಳೆ. ಭುಜ ಎರಡೂ ಮೇಲೆ ಹೋಗಿವೆ, ತುಟಿ ಕಪ್ಪಾಗಿದೆ, ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ನನಗೆ ಬರುವ ಉಬ್ಬಸ ನನಗೆ ಗೊತ್ತು. ಇದು ಅದಕ್ಕಿಂತ ಬೇರೆ. ಬೆನ್ನು ತಿಕ್ಕಿ, ಬಿಸಿನೀರು ಕುಡಿಸಿ ಕೇಳಿದರೆ, ಬಹಳ ದಿನದಿಂದ ಹೀಗೇ ಆಗುತ್ತಿದೆಯಂತೆ. ಜೀಪು ಬರುವ ದಿನ ಮೆಣಸಿನ ಕಷಾಯ ಕುಡಿದು, ಜೀವ ಹಿಡಿದುಕೊಂಡು ಕೊಳವೆ ಊದಿ, ಚೆನ್ನಾಗಿದೀನಿ ಮೇಡಂ ಎಂದು ಹೇಳಿ ಬರುತ್ತಿದ್ದಳಂತೆ. ಯಾಕೆ ಎಂದರೆ, ವೀಳ್ಯ ಕೊಟ್ಟಾಗಿದೆಯಲ್ಲ. ತಾನು ಹಿಂದೆ ಸರಿದರೆ ಅತ್ತೆಯ ಮಾತು ಹೋಗುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ಯಾವತ್ತು ಬೇಕಾದರೂ ಬಿಡಬಹುದು ಎಂದು ಅವರು ಓದಿ ಹೇಳಲಿಲ್ಲವೇ, ನೀನು ಕೇಳಿಸಿಕೊಂಡು ತಲೆ ಆಡಿಸಲಿಲ್ಲವೇ ಎಂದು ಬೈದೆ. ಅದು ಬಾಯಿಮಾತಿಗೆ ಹೇಳಿದ್ದು, ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ ಅಂದಂತೆ ಎಂದಳು. ಇಲ್ಲ ಕಣೇ, ಅದು ಕಾನೂನು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೆ ಹೊಟ್ಟೆಕಿಚ್ಚು ಕಣಕ್ಕ. ನಾನ್ ಬುಟ್ರೆ ಆ ಸೀಟಲ್ಲಿ ನೀನ್ ಕೂರ್‍ಬೋದು ಅಂತ ಕಾಯ್ತಿದ್ದೀಯ."

ಅವಳು ಅಂದದ್ದು ನಿಜ, ನಾನು ಅಂದದ್ದೂ ನಿಜ. ಅತ್ತೆಗೆ ಹೇಳಿದೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಕಣ್ಣಿಗೆ ಯಾವತ್ತೂ ಮುಳ್ಳೇ ಎಂದರು. ನನ್ನ ಗಂಡನಿಗೆ, ಮೈದುನನಿಗೆ ಹೇಳಿದೆ. ನಿಮ್ಮಿಬ್ಬರದು ಇದ್ದದ್ದೇ ಎಂದು ತೋಟಕ್ಕೆ ಹೋದರು. ಅವಳು ಉಸಿರು ಕಟ್ಟಿ ಸತ್ತರೂ ಇವರು ನನ್ನ ಹೊಟ್ಟೆಕಿಚ್ಚನ್ನೇ ಅಳೆಯುತ್ತಾ ಕೂರುತ್ತಾರಲ್ಲ ಶಿವನೇ ಅನ್ನಿಸಿತು.

ಜೀಪು ಬರುವ ದಿನ ಬಂತು. ಅವತ್ತು ಡಾಕ್ಟರೂ ಇದ್ದರು, ಬೇರೆ ಹಳ್ಳಿಯಿಂದ ಹಿಂತಿರುಗುತ್ತಿದ್ದರು. ಓರಗಿತ್ತಿ ಕಷಾಯ ಕುಡಿದು, ತಲೆಗೆ ಹೂ ಮುಡಿದು ಹೊರಟಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಾನು ಜೀಪಿಗೆ ಅಡ್ಡ ನಿಂತೆ. ಇವಳು ಚೆನ್ನಾಗಿಲ್ಲ, ಇವಳು ಹೇಳುವುದೆಲ್ಲ ಸುಳ್ಳು ಎಂದು ಡಾಕ್ಟರಿಗೆ ಹೇಳಿದೆ. ಅತ್ತೆ ಓಡಿ ಬಂದು, ಅವಳ ಮಾತು ಕೇಳಬೇಡಿ, ಅವಳಿಗೆ ಹೊಟ್ಟೆಯುರಿ ಎಂದರು.

"ಹೌದು, ಹೊಟ್ಟೆಯುರಿನೇ," ಎಂದೆ. "ಆದ್ರೂ ಸಾಕ್ಷಿ ಹಾಕಿರೋಳು ನಾನೇ. ಕಣ್ಣಾರೆ ಕಂಡಿದ್ನ ಹೇಳ್ತಾ ಇದೀನಿ."

ಡಾಕ್ಟರು ಇಳಿದು ಅವಳ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟರು. ಅವರ ಮುಖ ಬದಲಾಯಿತು. ಜೀಪಿನ ಬಾಗಿಲು ತೆಗೆಸಿ, ಅಲ್ಲೇ ಕೂರಿಸಿ, ಬಾಯಿಗೆ ಪಂಪು ಹಿಡಿದು ಔಷಧಿ ಎಳೆಸಿದರು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ, ಈ ಸ್ಥಿತಿಯಲ್ಲಿ ಇನ್ನು ಆ ಮಾತ್ರೆಯನ್ನು ನಾನು ಕೊಡುವುದಿಲ್ಲ, ಆದರೆ ಇದರಿಂದ ಪೂರ್ತಿ ಹೊರಗೆ ಬರುತ್ತೀರಾ, ನೀವೇ ಹೇಳಿ ಎಂದರು. ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ವೀಳ್ಯ ಕೊಟ್ಟಾಗೈತಲ್ಲ ಮೇಡಂ ಎಂದು ಅಳತೊಡಗಿದಳು.

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನಾನೇ ಬಿಡಿಸಿ ಹೇಳಿದೆ. ಅವರು ಅತ್ತೆಯನ್ನೇ ಕೇಳಿದರು, ಇದನ್ನು ಬಿಡಿಸಿಕೊಳ್ಳಲು ಏನು ಮಾಡಬೇಕಮ್ಮ ಎಂದು. ಅತ್ತೆಗೆ ಆ ಪ್ರಶ್ನೆ ಹಿಡಿಸಿತು. ಇಸ್ಕೊಂಡೋರು ತಾವಾಗೇ ವಾಪಸ್ ಕೊಟ್ರೆ ನಮ್ ಮಾತು ನಮ್ ತಾವೇ ಉಳ್ಕತದೆ ಎಂದರು. ಡ್ರೈವರು ಅಂಗಡಿಗೆ ಓಡಿದ. ಎಲೆ ಅಡಿಕೆ ತಂದ, ಕಾಯಿ ತರಲಿಲ್ಲ. ನಮ್ಮೂರಿನಲ್ಲಿ ಅಂಗಡಿಯಲ್ಲಿ ತೆಂಗಿನಕಾಯಿ ಮಾರುವ ಹುಚ್ಚ ಯಾರಿದ್ದಾನೆ? ಕೊನೆಗೆ ನಾನೇ ಅಟ್ಟ ಹತ್ತಿ ನಮ್ಮದೇ ಒಂದು ಕಾಯಿ ಇಳಿಸಿ, ಸುಲಿಸಿ, ಡಾಕ್ಟರ ಕೈಗೆ ಕೊಟ್ಟೆ. ಅವರು ಅದನ್ನು ತಟ್ಟೆಯಲ್ಲಿಟ್ಟು ಅತ್ತೆಗೆ ಕೊಟ್ಟರು. ಅತ್ತೆ ತಮ್ಮ ಮನೆಯ ಕಾಯನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಸರಿ ಎಂದು ಒಳಗೆ ಇಟ್ಟರು.

ಆಗ ಓರಗಿತ್ತಿ, ನಂಗೆ ಬ್ಯಾಡ ಮೇಡಂ ಎಂದಳು. ಇನ್ನು ಅವಳ ಹತ್ತಿರ ಜೀಪು ಸುಳಿಯುವುದಿಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಎಲ್ಲಿ! ಅದೇ ಜೀಪಿನಲ್ಲಿ, ಅದೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಅವಳು ಗುಣವಾಗಿ ಬಂದ ಮೇಲೂ ಜೀಪು ಬರುವುದು ನಿಲ್ಲಲಿಲ್ಲ. ಪ್ರಯೋಗದಲ್ಲಿ ತೊಂದರೆಯಾದವರನ್ನು ಕೈಬಿಡುವ ಹಾಗಿಲ್ಲವಂತೆ. ಮಾತ್ರೆ ನುಂಗಿದರೂ ಅವಳಿಗೇ ಜೀಪು, ಬೇಡ ಅಂದರೂ ಅವಳಿಗೇ ಜೀಪು. ಇದ್ಯಾವ ನ್ಯಾಯ ಎಂದು ಮಟ್ಟೆಯನ್ನು ಎತ್ತೆತ್ತಿ ಎಸೆದೆ.

ಮುಂದಿನ ಮಳೆಗಾಲಕ್ಕೆ ನನ್ನ ಮಗು ಹಾಲು ಬಿಟ್ಟಿತು. ಡಾಕ್ಟರು ಒಂದು ದಿನ ನನ್ನನ್ನೇ ಕೇಳಿಕೊಂಡು ಮನೆಗೆ ಬಂದರು. ಓರಗಿತ್ತಿಗೆ ಆದದ್ದನ್ನು ಇಂಥದ್ದಕ್ಕೆಂದೇ ಇರುವ ಒಂದು ಸಮಿತಿ ಕೂತು ನೋಡಿತಂತೆ, ಕಾಗದದಲ್ಲಿ ಹೊಸದಾಗಿ ಎಚ್ಚರಿಕೆಯ ಮಾತು ಸೇರಿಸಿದ್ದಾರಂತೆ. ಈಗ ನಿಮ್ಮನ್ನೂ ಸೇರಿಸಿಕೊಳ್ಳಬಹುದು ಎಂದು ಎಲ್ಲವನ್ನೂ ಓದಿಸಿದರು. ನನಗೆ ಸಾಕ್ಷಿ ಬೇಕಾಗಿರಲಿಲ್ಲ, ಆದರೂ ಓರಗಿತ್ತಿ ಬಂದು ಪಕ್ಕದಲ್ಲೇ ಕೂತಳು. ಅತ್ತೆ ಒಳಗಿನಿಂದ ವೀಳ್ಯದ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಈ ಸಲ ಅವರು ಮುಂದೆ ಬರಲಿಲ್ಲ, ನಾನು ಏನು ಹೇಳುತ್ತೇನೋ ಎಂದು ಕಾದರು.

ಜೀಪು ಹೊರಗೆ ನಿಂತಿತ್ತು. ಮುಂದಿನ ಸೀಟು ಖಾಲಿ ಇತ್ತು. ನಾನು ಅಷ್ಟು ದಿನ ಕಣ್ಣು ಹಾಕಿದ ಸೀಟು.

"ನಿಮಗೆ ಇಷ್ಟ ಇದೆಯೇನಮ್ಮ?" ಎಂದು ಡಾಕ್ಟರು ಕೇಳಿದರು.

ಆ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳಬೇಕು ಎನ್ನಿಸಿತು. ನಾನು ಬಾಯಿ ಬಿಡಲಿಲ್ಲ. ಅವರು ಬೇಸರಪಟ್ಟುಕೊಳ್ಳದೆ ಇನ್ನೊಂದು ಸಲ ಕೇಳಿದರು.

"ಬ್ಯಾಡ," ಎಂದೆ.

ಡಾಕ್ಟರು ಆಯಿತಮ್ಮ ಎಂದು ಕಾಗದ ಮಡಚಿದರು. ಯಾಕೆ ಎಂದು ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ, ತಟ್ಟೆಯನ್ನು ಒಳಗೆ ತೊಗೊಂಡು ಹೋದರು. ಜೀಪು ದೂಳೆಬ್ಬಿಸಿಕೊಂಡು ಹೋದ ಮೇಲೂ ಓರಗಿತ್ತಿ ಎದ್ದು ಹೋಗದೆ ನನ್ನನ್ನೇ ನೋಡುತ್ತಾ ಕೂತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ವರ್ಷವಿಡೀ ನಾನು ಅವಳನ್ನು ನೋಡಿದ್ದು ಹಾಗೆಯೇ.

"ನಂಗೆ ಬ್ಯಾಡ ಅನ್ನೋಕೆ ಒಂದ್ ತೆಂಗಿನಕಾಯಿ ಬೇಕಾಯ್ತು," ಎಂದಳು. "ನೀನ್ ಬರೀ ಬಾಯಲ್ಲೇ ಅಂದ್ಬುಟ್ಟೆ ಕಣಕ್ಕ."