ಜೀಪಿನಲ್ಲಿ ಕೂತವರ ಲೋಕದೃಷ್ಟಿ

ಮಿತ್ರರೇ, ನನಗೆ ಇನ್ನೂ ಮೈ ಉರಿಯುತ್ತಿದೆ. ಇವತ್ತು ಬೆಳಿಗ್ಗೆ ಅಮ್ಮತ್ತಿ ಹತ್ತಿರದ ನಮ್ಮ ಎಸ್ಟೇಟಿಗೆ ಕಾಫಿ ಕೊಯ್ಯಲು ಬಂದ ಹೆಂಗಸರು ಗೇಟಿನಲ್ಲೇ ನಿಂತುಬಿಟ್ಟರು. ಒಳಗೆ ದಾರಿ ಮೇಲೆ ಆನೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಅವರ ಹಾಜರಿ ಬರೆಯುವ ರೈಟರ್ ನಾನು. "ಇವತ್ತು ಆ ಕಡೆ ಬೇಡ, ತೋಟದ ಕೆಳಗಿನ ಬ್ಲಾಕಲ್ಲಿ ಕೊಯ್ಯಿರಿ" ಎಂದೆ.

ಅಷ್ಟರಲ್ಲಿ ಎಸ್ಟೇಟಿನ ಸಾಹುಕಾರರ ಅಳಿಯ ಜೀಪಿನಲ್ಲಿ ಬಂದರು. ಕಿಟಕಿಯಿಂದಲೇ ಉಪದೇಶ ಶುರು: "ನಿಮ್ಮ ಸಮಸ್ಯೆ ಆನೆ ಅಲ್ಲ, ನಿಮ್ಮ ಲೋಕದೃಷ್ಟಿ. ಆನೆಯನ್ನ ಶತ್ರು ಅಂತ ನೋಡ್ತೀರಿ. ಸಹಜೀವಿ ಅಂತ ನೋಡಿ, ಒಳಗೆ ಹೋಗಿ."

ಹೆಂಗಸರ ಮುಂದೆ ನಿಂತಿದ್ದ ಪಾರ್ವತಕ್ಕ ನನ್ನ ಕಡೆ ತಿರುಗಿದರು. ಹೋದ ವರ್ಷ ಇದೇ ತೋಟದಲ್ಲಿ ಆನೆ ತಳ್ಳಿ ಅವರ ಗಂಡನ ಸೊಂಟ ಮುರಿದಿದೆ. "ಲೋಕದೃಷ್ಟಿ ಅಂದ್ರೆ ಎಂಥ ಮಾರಾಯ?"

"ಲೋಕ ಹೀಗಿದೆ ಅಂತ ನಾವು ತಿಳ್ಕೊಂಡಿರೋದು ಅಕ್ಕ."

"ಅದು ನನ್ನ ಹತ್ರ ಇದೆಯಲ್ಲ! ಇರೋದಕ್ಕೇ ಒಳಗೆ ಹೋಗ್ತಿಲ್ಲ."

ನಾನು ಪರಮ ಗಂಭೀರನಾಗಿ ಕೈ ಮುಗಿದೆ. "ಸಾರ್, ನಮ್ಮ ಅಜ್ಞಾನ ಕ್ಷಮಿಸಿ. ತಾವು ಮುಂದೆ ನಡೆಯಿರಿ, ನಾವು ನೋಡಿ ಕಲೀತೇವೆ."

ಹೆಂಗಸರೆಲ್ಲ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅಳಿಯ ಇಳಿದು ಹತ್ತು ಹೆಜ್ಜೆ ನಡೆದರು. ಪಕ್ಕದ ಪೊದೆಯಲ್ಲಿ ಒಣ ಕೊಂಬೆಯೊಂದು ಲಟಕ್ಕನೆ ಮುರಿಯಿತು. ಮುರಿದವನು ಅವರ ಹಿಂದೆಯೇ ಹೋಗಿದ್ದ ನಾನೇ, ಒಪ್ಪಿಕೊಳ್ಳುತ್ತೇನೆ. ಸಹಜೀವಿಯ ದರ್ಶನಕ್ಕೂ ಕಾಯದೆ ಅಳಿಯ ಮಹಾಶಯರು ಜೀಪಿನೊಳಗೆ ಹಾರಿದರು. ಕಿಟಕಿ ಏರಿಸಿ, ಒಂದಿಂಚು ಸಂದಿಯಿಂದ ಅಪ್ಪಣೆಯಾಯಿತು: "ಇವತ್ತು ಕೆಳಗಿನ ಬ್ಲಾಕಲ್ಲೇ ಕೊಯ್ಯಲಿ."

ಒಬ್ಬ ಮನುಷ್ಯನ ಲೋಕದೃಷ್ಟಿ ಬದಲಾಗಲು ಒಂದು ಜನ್ಮ ಬೇಕು ಅಂದುಕೊಂಡಿದ್ದೆ. ಒಂದು ಕೊಂಬೆ ಸಾಕಾಯಿತು. ನಾಳೆಗೆ ಇನ್ನೂ ನಾಲ್ಕು ಆರಿಸಿಟ್ಟಿದ್ದೇನೆ.