ಅರ್ಧಕ್ಕೆ ಇಳಿದ ನೀರು

ದುವ್ವಾಡದ ಬಾಡಿಗೆ ಮನೆಯಲ್ಲಿ ಅವ್ವ ನೀರು ಕುದಿಸುತ್ತಿದ್ದುದು ಹಿತ್ತಾಳೆ ಪಾತ್ರೆಯಲ್ಲಿ ಎಂದು ಬರೆದು ಹೊಡೆದುಹಾಕಿದೆ. ಹಿತ್ತಾಳೆಯದು ಧಾರವಾಡದ ಅಜ್ಜಿಯ ಮನೆಯದು. ಇಲ್ಲಿದ್ದುದು ಅಲ್ಯೂಮಿನಿಯಮ್ ಇರಬೇಕು. ನೀರು ಮಾತ್ರ ಇಡೀ ಓಣಿ ಕುಡಿಯುತ್ತಿದ್ದ ಬೋರಿಂಗ್ ಕೈಪಂಪಿನದು, ಅದರಲ್ಲಿ ಸಂಶಯವಿಲ್ಲ.

ಅಪ್ಪ ಬ್ಯಾಂಕ್ ಆಫೀಸರ್. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಊರಂಚಿನ ದುವ್ವಾಡದಲ್ಲಿ ಮನೆ ಹಿಡಿದಿದ್ದರು. ನನಗೆ ಹನ್ನೊಂದು, ತಂಗಿಗೆ ಆರು. ಬಂದ ಮರುವರ್ಷ, ಬೆಳಿಗ್ಗೆ ಎದ್ದರೆ ಅವಳ ಮುಖ ಊದಿರುತ್ತಿತ್ತು. ಕಿಡ್ನಿ ತೊಂದರೆ ಎಂದ ಡಾಕ್ಟರು ಮಾತ್ರೆ ಬರೆದು, "ನೀಳ್ಳು ಕಾಚಿ ತಾಗಂಡಮ್ಮಾ" ಎಂದರು. ಕಾಯಿಸಿ ಕುಡಿಯಿರಿ ಎಂದಷ್ಟೇ. ಅವ್ವನಿಗೆ ಕಾಯಿಸುವುದೆಂದರೆ ಕಷಾಯದ ಹಾಗೆ: ಪಾತ್ರೆ ತುಂಬ ಇಟ್ಟದ್ದು ಅರ್ಧಕ್ಕೆ ಇಳಿಯಬೇಕು.

"ಉಪ್ಪು ಹುಳಿ ಹಾಕು, ಸಾರ ಆಗ್ತದ," ಅಪ್ಪ ಕಾಡಿಸುತ್ತಿದ್ದರು.

"ಆಗ್ಲಿ ಬಿಡ್ರಿ. ಹುಡುಗಿಗೆ ಆರಾಮ ಆದ್ರ ಸಾಕು."

ಸ್ಟೋವ್ ಕಾಯುವುದು ನನ್ನ ಕೆಲಸ. ಸೀಮೆಎಣ್ಣೆ ವಾಸನೆ ತಡೆಯದೆ ಎಷ್ಟೋ ದಿನ ನೀರು ಮುಕ್ಕಾಲಿದ್ದಾಗಲೇ ಆರಿಸಿ ಆಡಲು ಓಡಿದ್ದೇನೆ. ಎಷ್ಟು ದಿನ? ಮೊದಲು ನಾಲ್ಕೈದು ಅನ್ನಿಸುತ್ತಿತ್ತು. ಈಗ ದಿನವೂ ಅನ್ನಿಸುತ್ತದೆ.

ಎರಡನೆಯ ಬೇಸಿಗೆಯಲ್ಲಿ ತಂಗಿ ಹೋದಳು. ನಾನು ಸ್ಟೋವ್ ಆರಿಸಿದ್ದರಿಂದಲೇ ಎಂದು ತಿಂಗಳ ಮೇಲೆ ಅಪ್ಪನ ಮುಂದೆ ಬಾಯಿ ಬಿಟ್ಟೆ. ಸಮುದ್ರದ ದಂಡೆಯಲ್ಲಿ ಎಂದು ನೆನಪು. ಬಸ್ ಸ್ಟ್ಯಾಂಡೂ ಇರಬಹುದು. ಅಪ್ಪ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಬ್ಯಾಂಕಿಗೆ ಬರುತ್ತಿದ್ದ ಲ್ಯಾಬ್ ಕೆಮಿಸ್ಟ್ ಒಬ್ಬರ ಕೈಗೆ ಅವರು ಒಂದು ಬಾಟಲಿ ನೀರು ಪರೀಕ್ಷೆಗೆ ಕೊಟ್ಟಿದ್ದರಂತೆ. ವರದಿ ಬರುವಷ್ಟರಲ್ಲಿ ತಡವಾಗಿತ್ತು.

"ನೀರಾಗ ಯುರೇನಿಯಂ ಅದ ಅಂತ. ಯಾರೂ ಹಾಕಿದ್ದಲ್ಲ, ನೆಲದಾಗಿನ ಕಲ್ಲಿಂದ ಬಂದದ್ದು. ಅವಳ ಜಡ್ಡು ಇದರಿಂದನ ಅಂತ ಡಾಕ್ಟರಿಗೂ ಹೇಳಾಕ ಆಗ್ಲಿಲ್ಲ. ಆದ್ರ ನಿನ್ನ ತಪ್ಪಲ್ಲ. ಕುದಿಸಿದ್ರ ಇದು ಹೋಗೂದಿಲ್ಲ. ನೀರು ಆವಿ ಆಗ್ತದ, ಇದು ಉಳೀತದ. ಅರ್ಧಕ್ಕ ಇಳಿಸಿದ್ರ, ಲೋಟಾದಾಗ ಎರಡು ಪಟ್ಟು..."

ಅಲ್ಲಿಗೆ ನಿಲ್ಲಿಸಿದರು. ಹಾಳೆ ಮತ್ತೆ ಮಡಿಸಿ, "ಅವ್ವಗ ಹೇಳಬ್ಯಾಡ," ಎಂದರು.

ವರದಿಯ ಇನ್ನೊಂದು ಪ್ರತಿ ಪಂಚಾಯತಿಗೆ ಹೋಯಿತು. ಪಂಪಿನ ಹಿಡಿಕೆ ಬಿಚ್ಚಿ ಒಯ್ದರು. ನೀರು ಕೆಟ್ಟಿತ್ತು ಎಂಬುದಷ್ಟೇ ಅವ್ವನಿಗೆ ಗೊತ್ತಾಯಿತು.

ಮುಂದೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿ ನಲ್ಲಿಯಲ್ಲಿ ಹೊಳೆಯ ನೀರು. ಅವ್ವ ಅದನ್ನೂ ಅರ್ಧಕ್ಕೆ ಇಳಿಸುತ್ತಿದ್ದಳು. ನಾನು ಆರಿಸಿದ ದಿನಗಳಲ್ಲಾದರೂ ತಂಗಿ ಕುಡಿದದ್ದು ಕಡಿಮೆ ಕೆಟ್ಟದ್ದು ಎಂಬ ಒಂದು ಸಮಾಧಾನವನ್ನು ನಾನು ಇಟ್ಟುಕೊಂಡಿದ್ದೆ. ಕಾಲೇಜಿಗೆ ಹೊರಟಿದ್ದ ಒಂದು ಬೆಳಿಗ್ಗೆ ಅವ್ವ ಪಾತ್ರೆ ನೋಡುತ್ತ ಹೇಳಿದಳು:

"ನೀ ಲಗೂನ ಆರಸ್ತಿದ್ದಿ, ನಂಗ ಗೊತ್ತಿತ್ತು. ಸಣ್ಣಾಂವ ಅಂತ ಬೈಲಿಲ್ಲ. ನೀ ಹೊರಗ ಓಡಿದ ಮ್ಯಾಲೆ ನಾನ ಮತ್ತ ಸ್ಟೋವ್ ಹಚ್ಚಿ ಅರ್ಧಕ್ಕ ಇಳಸ್ತಿದ್ದೆ. ಒಂದ ದಿನಾನೂ ತಪ್ಪಿಸಿಲ್ಲ. ಆದ್ರೂ ಇನ್ನೊಂಚೂರು ಕುದಿಸಬೇಕಿತ್ತೇನೋ."

ಅಪ್ಪ ಓದುತ್ತಿದ್ದ ಪೇಪರು ಮಡಿಸಿದರು.

"ಸಾಕಷ್ಟು ಕುದಿಸಿದ್ದಿ," ಎಂದೆ. ನಾನು ಅಂದೆನೋ, ಅಪ್ಪ ಅಂದರೋ, ಈಗ ನೆನಪಿಲ್ಲ. ಅವ್ವ ಗ್ಯಾಸ್ ಸಣ್ಣ ಮಾಡಲಿಲ್ಲ.